ಅರ್ಧ ತಟ್ಟೆ

ತುಮಕೂರಿನಲ್ಲಿ ಶುಕ್ರವಾರ ಬಂತೆಂದರೆ ಸಿನಿಮಾ ತೆಗೆದವರಿಗೆ ಚನ್ನೇಶನದೇ ಭಯ. ಅಶೋಕ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಫ್ಲೆಕ್ಸ್ ಬ್ಯಾನರ್ ಹೊಡೆಯುವ ಅಂಗಡಿ ಅವನದು. ಅದು ಹೊಟ್ಟೆಪಾಡಿಗೆ. ಹೆಸರು ಬಂದದ್ದು ಮಾತ್ರ ‘ಚನ್ನೇಶನ ಚಾಟಿ’ ಅನ್ನುವ ಯೂಟ್ಯೂಬ್ ಚಾನೆಲ್‌ನಿಂದ. ಊರಿಗೆಲ್ಲ ಸಿನಿಮಾಕ್ಕೆ ಸ್ಟಾರ್ ಕೊಡುವ ಚಟವಾದರೆ ಇವನದು ತಟ್ಟೆ ಇಡ್ಲಿ ಕೊಡುವ ಚಟ. ಕ್ಯಾತ್ಸಂದ್ರದ ಇಡ್ಲಿ ತಿಂದು ಬೆಳೆದ ಹೊಟ್ಟೆಗೆ ಆಕಾಶದ ನಕ್ಷತ್ರ ಯಾಕೆ ಬೇಕು ಎಂದು ಕೇಳುತ್ತಿದ್ದ. ಐದು ತಟ್ಟೆ ಕೊಟ್ಟರೆ ಹೊಟ್ಟೆ ತುಂಬಿದ ಹಾಗೆ, ಅರ್ಧ ತಟ್ಟೆ ಕೊಟ್ಟರೆ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಹಾಗೆ. ಐದು ತಟ್ಟೆಯ ಭಾಗ್ಯ ಯಾವ ಸಿನಿಮಾಕ್ಕೂ ಇನ್ನೂ ಬಂದಿರಲಿಲ್ಲ.

ಬಾಯಿಯೇನೋ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಬಂದಾಗ, “ಇದ್ರಲ್ಲಿ ಸ್ಲೋ ಮೋಷನ್ ತೆಗೆದುಬುಟ್ರೆ ಉಳಿಯೋದು ಹೀರೋನ ಗಡ್ಡ, ಒಂದ್ ಬಕೆಟ್ ರಕ್ತ. ಕತೆ ಎಲ್ರಪ್ಪಾ ಅಂದ್ರೆ ಪಾರ್ಟ್ ಟೂನಲ್ಲಿ ಬತ್ತದಂತೆ” ಅಂದಿದ್ದ. ಸಂಜೆಯ ಸೀರಿಯಲ್ಲುಗಳನ್ನು ಕಂಡರೆ ಅವನಿಗೆ ಮೈ ಉರಿ. “ಸೊಸೆ ಹಾಲಿಗೆ ವಿಷ ಹಾಕಿ ಮೂರು ವಾರ ಆಯ್ತು. ಅತ್ತೆ ಇನ್ನೂ ಲೋಟ ತುಟಿ ಹತ್ರ ಹಿಡ್ಕೊಂಡವ್ಳೆ. ಅಷ್ಟೊತ್ತಿಗೆ ಅದು ಮೊಸರಾಗಿರ್ತದೆ ಕಣ್ರೋ, ಕುಡಿದ್ರೂ ಸಾಯಲ್ಲ.” ಮೊಬೈಲಲ್ಲಿ ಓಡುವ ಹೊಸ ಹಾಡುಗಳ ಬಗ್ಗೆ, “ಹುಡುಗಿ ಕೈ ಕೊಟ್ಲು ಅಂತ ಕಂಪ್ಯೂಟರ್ ಅಳ್ತಾ ಅದೆ, ಹಾಡೋನು ಎಲ್ಲವ್ನೆ?” ಹಾಡಿನ ಸ್ಪರ್ಧೆ ತೋರಿಸುವ ಚಾನೆಲ್ಲಿನವರಿಗೆ, “ಮಗೂನ ಹಾಡಕ್ಕೆ ಬಿಡ್ರಯ್ಯ. ಅವರಮ್ಮನ್ನ ಸ್ಟೇಜ್ ಮೇಲೆ ಕರ್ಸಿ ಅಳ್ಸೋದ್ಯಾಕೆ? ಕಣ್ಣೀರಿಗೂ ಮಾರ್ಕ್ಸ್ ಕೊಡ್ತೀರಾ?” ಜನ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೂ ಆಗಿರುತ್ತಿತ್ತು.

ಈ ಬಾಯಿ ಅವನಿಗೆ ಅಪ್ಪನಿಂದ ಬಂದದ್ದು. ಗುಬ್ಬಿಯ ಮಹಾದೇವಯ್ಯ ಹರೆಯದಲ್ಲಿ ಕಂಪನಿ ನಾಟಕಗಳಲ್ಲಿ ರಾಜಪಾರ್ಟು ಮಾಡಿದವರು. ಮೈಕಿನ ಹಂಗಿಲ್ಲದೆ ಕಟ್ಟಕಡೆಯ ಸಾಲಿನ ಮುದುಕಿಗೂ ಕೇಳಿಸುವ ದನಿ. ಕಂಪನಿಗಳು ಒಂದೊಂದಾಗಿ ಡೇರೆ ಮಡಿಸಿದ ಮೇಲೆ ಸುತ್ತಿನ ಹಳ್ಳಿಗಳಿಗೆ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರಾದರು. ಮಗನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾಟಕಕ್ಕೋ ಸಿನಿಮಾಕ್ಕೋ ಹೋದರೆ, ಬರುವಾಗ ದಾರಿಯುದ್ದಕ್ಕೂ ಒಂದೇ ಪ್ರಶ್ನೆ. “ಏನ್ ಅನ್ನಿಸ್ತೋ? ನಿಜ ಹೇಳು.” ಹುಡುಗ ಚೆನ್ನಾಗಿತ್ತು ಅಂದರೆ ಒಪ್ಪುತ್ತಿರಲಿಲ್ಲ. ಏನು ಚೆನ್ನಾಗಿತ್ತು, ಯಾಕೆ ಚೆನ್ನಾಗಿತ್ತು, ಎಲ್ಲಿ ಸುಳ್ಳು ಅನ್ನಿಸಿತು, ಎಲ್ಲ ಹೇಳಬೇಕಿತ್ತು.

ಒಂದು ಕಟ್ಟಳೆ ಮಾತ್ರ ಅವರದು ಕಲ್ಲಿನಂಥದ್ದು. ಕಂಪನಿಯಲ್ಲಿ ನಾಟಕ ಮುಗಿದ ಮೇಲೆ ರಾಜನಿಂದ ಹಿಡಿದು ಪರದೆ ಎಳೆಯುವವನವರೆಗೆ ಎಲ್ಲರೂ ರಂಗದ ಮೇಲೆ ನಿಂತು ಮಂಗಳ ಹಾಡುತ್ತಿದ್ದರು. ಅದಾಗುವವರೆಗೆ ಎದ್ದು ಹೋಗುವುದೆಂದರೆ ಉಣ್ಣುತ್ತಿದ್ದ ಪಂಕ್ತಿಯಿಂದ ಎದ್ದ ಹಾಗೆ. “ಎಷ್ಟು ಬೇಕಾದ್ರೂ ಬೈಯಿ, ಆದ್ರೆ ಮಂಗಳ ಆಗೋವರ್ಗೂ ಕೂತು ಆಮೇಲ್ ಬೈಯಿ. ಮಧ್ಯದಲ್ಲಿ ಎದ್ದೋದೋನಿಗೆ ಬಾಯಿ ತೆಗೆಯೋ ಹಕ್ಕಿಲ್ಲ” ಅನ್ನುತ್ತಿದ್ದರು.

ಚನ್ನೇಶ ಇದನ್ನು ಮರೆತಿರಲಿಲ್ಲ, ಮೂಲೆಗೆ ಸರಿಸಿದ್ದ ಅಷ್ಟೆ. ಯೂಟ್ಯೂಬಿನ ದಂಧೆಯಲ್ಲಿ ಮೊದಲು ಹೇಳಿದವನದೇ ಮಾತು, ಎರಡನೆಯವನದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಈಚೆಗೆ ಒಂದು ಉಪಾಯ ಹೂಡಿದ್ದ. ಬೆಳಗಿನ ಆಟಕ್ಕೆ ಹೋಗುವುದು, ಇಂಟರ್ವಲ್ಲಿಗೆ ಎದ್ದು ಬರುವುದು, ಥಿಯೇಟರಿನ ಕಾಂಪೌಂಡಿನಲ್ಲೇ ನಿಂತು ಮಾತಾಡಿ ಮೊಬೈಲಿನಿಂದ ಬಿಟ್ಟುಬಿಡುವುದು. ಉಳಿದರ್ಧಕ್ಕೆ ಬೆಂಗಳೂರಿನ ಪ್ರಭುದೇವ ಇದ್ದ. ಅವನೂ ಇದೇ ಕಸುಬಿನವನು, ಹಿಂದಿನ ದಿನವೇ ಪ್ರೀಮಿಯರ್ ನೋಡಿ ಸೆಕೆಂಡ್ ಹಾಫ್ ಹೇಗಿದೆ ಅಂತ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ಅವನು ಹೇಳಿದ್ದನ್ನು ಇವನು ತನ್ನ ಮಸಾಲೆ ಹಾಕಿ ಬಡಿಸುತ್ತಿದ್ದ. ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದ ಮೇಲೆ ಅದು ಮೋಸವೇ ಅಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಆ ಶುಕ್ರವಾರ ಬಂದದ್ದು ‘ತೂಬಿನ ಬಾಗಿಲು’ ಅನ್ನುವ ಬಡಪಾಯಿ ಸಿನಿಮಾ. ಕುಣಿಗಲ್ಲಿನ ಅಂಜನಮೂರ್ತಿ ಎಂಬ ಹೊಸ ಹುಡುಗನ ಡೈರೆಕ್ಷನ್ನು. ದೊಡ್ಡ ಹೆಸರಿಲ್ಲ, ಫೈಟಿಲ್ಲ, ಪೋಸ್ಟರಿನಲ್ಲಿ ಬರೀ ಒಂದು ಕೆರೆ. ಥಿಯೇಟರಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ. ಮೊದಲರ್ಧದಲ್ಲಿ ಊರು, ಕೆರೆ, ತೂಬಿನಿಂದ ಗದ್ದೆಗೆ ಬಿಡುವ ನೀರಿಗಾಗಿ ಎರಡು ಕೇರಿಗಳ ಜಗಳ. ಕ್ಯಾಮರಾ ಒಂದೇ ಕಡೆ ನಿಂತರೆ ನಿಂತೇ ಇರುತ್ತಿತ್ತು. ಚನ್ನೇಶ ಆಕಳಿಸಿ, ಇಂಟರ್ವಲ್ ಆಗುತ್ತಲೇ ಎದ್ದು ಬಂದ. ಪ್ರಭುದೇವನ ವಾಯ್ಸ್ ಮೆಸೇಜ್ ಆಗಲೇ ಬಂದು ಕೂತಿತ್ತು. “ಮಗಾ, ಸೆಕೆಂಡ್ ಹಾಫಲ್ಲಿ ಕೆರೆ ನೀರು ಬಿಡೋ ನೀರಗಂಟಿ ಅಂತ ಒಬ್ಬ ಮುದುಕ ಬತ್ತಾನೆ. ಪೂರ್ತಿ ಡ್ರಾಮಾ ವಾಯ್ಸು. ಕಿವಿ ತೂತಾಗೋಯ್ತು. ಮಿಕ್ಕಿದ್ದು ಹಂಗೇ ಎಳೆದವ್ರೆ.”

ಚನ್ನೇಶ ಕಾಂಪೌಂಡ್ ಗೋಡೆಗೆ ಒರಗಿ ಮೊಬೈಲ್ ಎತ್ತಿ ಹಿಡಿದ. ನಗುತ್ತಲೇ ಶುರು ಮಾಡಿದ.

“ಸೆಕೆಂಡ್ ಹಾಫಲ್ಲಿ ಒಬ್ಬ ಮುದುಕಪ್ಪ ಬತ್ತಾನೆ ಸ್ವಾಮಿ, ನೀರಗಂಟಿ. ಆ ದನಿ ಇದೆಯಲ್ಲ, ಹಳೇ ನಾಟಕದ ಡೇರೆಯಿಂದ ತಪ್ಪಿಸ್ಕೊಂಡು ಬಂದಿರೋ ದನಿ. ಪಕ್ಕದಲ್ಲಿ ನಿಂತೋನ್ ಹತ್ರ ಮಾತಾಡೋಕೆ ಗುಬ್ಬಿಯಿಂದ ತುಮಕೂರಿಗೆ ಕೇಳೋ ಹಂಗೆ ಕಿರುಚ್ತಾನೆ. ಡೈರೆಕ್ಟ್ರೇ, ಆ ದನಿ ಒಂದನ್ನ ಕಿತ್ತು ಬಿಸಾಕಿದ್ದಿದ್ರೆ ಸಿನಿಮಾ ಅರ್ಧ ಉದ್ಧಾರ ಆಗೋದು. ಮಿಕ್ಕ ಅರ್ಧಕ್ಕೆ ದೇವರೇ ಗತಿ. ನಮ್ ಕಡೆಯಿಂದ ಅರ್ಧ ತಟ್ಟೆ. ಚಟ್ನಿ ಇಲ್ಲ.”

ಮಧ್ಯಾಹ್ನದೊಳಗೆ ಅದು ಊರೆಲ್ಲ ಹರಿದಾಡಿತು. ‘ಚಟ್ನಿ ಇಲ್ಲ’ ಅನ್ನುವ ತುಂಡನ್ನು ಹುಡುಗರು ಕತ್ತರಿಸಿ ಸ್ಟೇಟಸ್ಸಿಗೆ ಹಾಕಿಕೊಂಡರು. ಮರುದಿನ ಥಿಯೇಟರಿನವರು ಆ ಸಿನಿಮಾ ಎತ್ತಿ ತೆಲುಗಿನದೊಂದು ಹಾಕಿದರು. ಚನ್ನೇಶನಿಗೆ ಹೆಮ್ಮೆಯಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆ ಶನಿವಾರ ಸಂಜೆ ಅಕ್ಕ ಪಲ್ಲವಿ ಫೋನ್ ಮಾಡಿದಳು. ಶಿರಾ ಗೇಟಿನ ಕಡೆ ಮನೆ ಅವಳದು, ಹೈಸ್ಕೂಲ್ ಟೀಚರು, ಸಿಟ್ಟು ಬಂದರೆ ದನಿ ತಗ್ಗುವ ಹೆಂಗಸು. ಅಂದು ದನಿ ಪೂರ್ತಿ ತಗ್ಗಿತ್ತು.

“ಏನೋ ಚನ್ನ. ಅಪ್ಪನ್ನ ಅಷ್ಟು ಜನದ ಮುಂದೆ ಹಂಗಂದುಬಿಟ್ಟೆಯಲ್ಲೋ.”

“ಯಾವಪ್ಪ? ಏನಂದೆ?”

“ನಾಟಕ ಆಡ್ಬೇಡ ಕಣೋ. ಎರಡೂವರೆ ಗಂಟೆ ಕೂತು ನೋಡಿದೀಯ. ಹೆತ್ತಪ್ಪನ ಮುಖ ಗುರ್ತು ಸಿಗ್ಲಿಲ್ವಾ ನಿಂಗೆ? ನೀರಗಂಟಿ ಪಾರ್ಟು ನಮ್ಮಪ್ಪಂದು.”

ಚನ್ನೇಶ ಫ್ಲೆಕ್ಸ್ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಮಷೀನು ಯಾರದೋ ಗೃಹಪ್ರವೇಶದ ಬ್ಯಾನರನ್ನು ಇಷ್ಟಿಷ್ಟೇ ಹೊರಗೆ ತಳ್ಳುತ್ತಿತ್ತು. ಅಕ್ಕ ಹೇಳುತ್ತಾ ಹೋದಳು. ಹೋದ ವರ್ಷ ಕಡಬದ ಕೆರೆ ಏರಿಯ ಮೇಲೆ ಶೂಟಿಂಗ್ ನಡೆದಿತ್ತು. ಅಂಜನಮೂರ್ತಿ ಹಳೇ ಕಂಪನಿಯವರನ್ನು ಹುಡುಕಿಕೊಂಡು ಗುಬ್ಬಿಗೆ ಬಂದಿದ್ದ. ಅಪ್ಪ ಒಂದೇ ಷರತ್ತು ಹಾಕಿ ಒಪ್ಪಿದ್ದರು. ಮಗನಿಗೆ ಮಾತ್ರ ಯಾರೂ ಹೇಳಕೂಡದು.

“ಯಾಕಂತೆ?”

“ಹೇಳಿದ್ರೆ ಅಪ್ಪ ಅಂತ ಹೊಗಳ್ತಾನೆ, ಹೇಳ್ದೆ ಇದ್ರೆ ನಿಜ ಹೇಳ್ತಾನೆ ಅಂದ್ರು. ಊರಲ್ಲಿ ನಿಜ ಹೇಳೋನು ನನ್ ಮಗ ಒಬ್ನೇ ಅಂತ ಬೇರೆ.” ಎಂದಳು ಪಲ್ಲವಿ. “ದನಿ ಕಿತ್ತು ಬಿಸಾಕಿ ಅಂದೆಯಲ್ಲೋ. ಆ ಮಾತು ಹೆಂಗ್ ಬಂತು ನಿನ್ ಬಾಯಲ್ಲಿ? ಅಪ್ಪನ ದನಿ ಅಂತ ಭೂಮಿ ಮೇಲೆ ಉಳಿದಿರೋದು ಅದೊಂದ್ರಲ್ಲೇ.”

ಚನ್ನೇಶನಿಗೂ ಅದು ನಿಜ ಅನ್ನಿಸಿತು. ಶೂಟಿಂಗ್ ಆದ ಮೇಲೆ ಮಹಾದೇವಯ್ಯನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಕತ್ತಿನಲ್ಲೊಂದು ತೂತು, ಅದಕ್ಕೊಂದು ಕೊಳವೆ, ಮೇಲೊಂದು ಬಿಳಿ ಬಟ್ಟೆ. ತುಟಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ರೋಗ ಮತ್ತೆ ಬೇರೆ ಕಡೆ ಹಬ್ಬಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು.

“ಅಪ್ಪ ನೋಡಿದ್ರಾ ನನ್ ವಿಡಿಯೋನ?” ಎಂದು ಕೇಳಿದ.

“ಅಮ್ಮನ ಮೊಬೈಲಲ್ಲಿ ಎರಡೆರಡು ಸಲ ನೋಡಿದ್ರಂತೆ. ನೋಡಿ ನಕ್ಕರಂತೆ. ಅಳೋಕೂ ದನಿ ಇಲ್ದೋರು ಇನ್ನೇನ್ ಮಾಡ್ತಾರೆ? ಭಾನುವಾರ ಕಾರ್ ಮಾಡಿ ಥಿಯೇಟರಿಗೆ ಕರ್ಕೊಂಡೋಗ್ಬೇಕು ಅಂತಿದ್ದೆ. ಅದನ್ನೂ ಎತ್ತಿಸಿಬಿಟ್ಟೆ.” ಅಕ್ಕ ಫೋನ್ ಇಟ್ಟಳು.

ನಾನು ನೋಡೇ ಇಲ್ಲ ಕಣೇ ಅಕ್ಕ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆ ಮಾತು ಬಾಯವರೆಗೆ ಬಂದು ನಿಂತಿತ್ತು. ಅಂದರೆ ಅಪ್ಪನನ್ನು ಆಡಿಕೊಂಡ ಪಾಪ ಕಳೆಯುತ್ತದೆ, ಆದರೆ ಊರಿಗೆಲ್ಲ ನಿಜ ಹೇಳುವ ಮಗ ಅನ್ನುವ ಹೆಸರು ಹೋಗುತ್ತದೆ. ಸಾಯಲಿರುವ ಅಪ್ಪನಿಗೆ ಯಾವ ಗಾಯ ಮಾಡಬೇಕು ಎಂದು ಅವನು ಆ ರಾತ್ರಿಯೆಲ್ಲ ಯೋಚಿಸಿದ. ಸತ್ಯ ಹೇಳಬೇಕಾದರೆ ಅವನು ಯೋಚಿಸಿದ್ದರಲ್ಲಿ ಅರ್ಧ ಅಪ್ಪನ ಬಗ್ಗೆ, ಅರ್ಧ ತನ್ನ ಬಗ್ಗೆ.

ಏನೇ ಹೇಳಲಿ, ಮೊದಲು ಸಿನಿಮಾ ನೋಡಬೇಕಿತ್ತು. ಎಲ್ಲ ಕಡೆ ಎತ್ತಿದ್ದರು. ಕುಣಿಗಲ್ಲಿನ ಒಂದು ಥಿಯೇಟರಿನಲ್ಲಿ ಮಾತ್ರ, ಡೈರೆಕ್ಟರ್ ನಮ್ಮೂರ ಹುಡುಗ ಅನ್ನುವ ಮುಲಾಜಿಗೆ, ಮಧ್ಯಾಹ್ನದ ಒಂದು ಆಟ ಉಳಿಸಿಕೊಂಡಿದ್ದರು. ಭಾನುವಾರ ಬೈಕ್ ಹತ್ತಿ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದ. ಥಿಯೇಟರಿನ ಮುಂದೆ ಬೈಕುಗಳಿಗಿಂತ ನಾಯಿಗಳು ಹೆಚ್ಚಿದ್ದವು. ಗೇಟಿನಲ್ಲಿ ಕೂತಿದ್ದ ಲಕ್ಷ್ಮೀನರಸಿಂಹಯ್ಯ ಎಂಬ ವಯಸ್ಸಾದ ಗೇಟ್‌ಕೀಪರು ಇವನನ್ನು ಮೇಲಿಂದ ಕೆಳಗೆ ನೋಡಿದರು.

“ಚಾಟಿ ಅಲ್ವಾ ನೀವು? ನಮ್ಮ ಮೊಮ್ಮಗ ತೋರಿಸ್ತಿದ್ದ.”

ಚನ್ನೇಶ ಹೌದೆಂದು ತಲೆಯಾಡಿಸಿದ. ಹೆಲ್ಮೆಟ್ ತೆಗೆದದ್ದು ತಪ್ಪಾಯಿತು ಅನ್ನಿಸಿತು.

“ಅರ್ಧ ತಟ್ಟೆ ಅಂತ ಹೇಳಿ ಮತ್ಯಾಕ್ ಬಂದ್ರಿ? ಮಿಕ್ಕ ಅರ್ಧ ತಿನ್ನಕ್ಕಾ?” ಮುದುಕರು ನಗಲಿಲ್ಲ. “ಟಿಕೆಟ್ ಕೌಂಟರ್ ಮುಚ್ಚಿ ಹುಡುಗ ಊಟಕ್ಕೋದ. ಹೋಗ್ ಕೂತ್ಕಳಿ. ಇರೋರೇ ನಾಕ್ ಜನ, ಟಿಕೆಟ್ ಯಾರ್ ಕೇಳ್ತಾರೆ.”

ಒಳಗೆ ಹೋಗಿ ಕಟ್ಟಕಡೆಯ ಸಾಲಿನಲ್ಲಿ ಕೂತ. ಮೊದಲರ್ಧವನ್ನು ಮತ್ತೆ ನೋಡಿದ, ಈ ಸಲ ಆಕಳಿಕೆ ಬರಲಿಲ್ಲ. ಇಂಟರ್ವಲ್ಲಿನಲ್ಲಿ ಏಳಲಿಲ್ಲ. ಆಮೇಲೆ ಪರದೆಯ ಮೇಲೆ ಕಡಬದ ಕೆರೆ, ಅದರ ಏರಿ, ಏರಿಯ ಮೇಲೆ ಒಬ್ಬ ಮನುಷ್ಯ ನಡೆದು ಬಂದ.

ದೂರದಿಂದಲೇ ನಡಿಗೆ ಗೊತ್ತಾಯಿತು. ಎಡಗಾಲನ್ನು ತುಸು ಹೊರಗೆ ಹಾಕುವ ನಡಿಗೆ. ಹತ್ತಿರ ಬಂದ ಮುಖ ಅಪ್ಪನದೇ, ಆದರೆ ಅಪ್ಪನಂತಿರಲಿಲ್ಲ. ಹಣೆಯ ವಿಭೂತಿ ಇಲ್ಲ, ಗಡ್ಡ ಕುರುಚಲು ಬಿಟ್ಟಿದೆ. ಆತ ತೂಬಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಒದ್ದೆ ಟವಲ್ಲನ್ನು ಹಿಂಡಿದ, ಕಲ್ಲಿನ ಮೇಲೆ ಹರವಿದ, ತೂಬಿನ ಬಾಯಿಗೆ ಕಿವಿಗೊಟ್ಟ. ಒಳಗೆ ನೀರಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುವ ಹಾಗೆ. ಏನೂ ಮಾಡುತ್ತಿರಲಿಲ್ಲ. ಬರೀ ಕೇಳಿಸಿಕೊಳ್ಳುತ್ತಿದ್ದ. ಕೆರೆ ಬತ್ತಿದೆ ಅನ್ನುವುದು ಮೊದಲು ಅವನ ಕುತ್ತಿಗೆಗೆ ಗೊತ್ತಾಯಿತು, ಆಮೇಲೆ ಕಣ್ಣಿಗೆ. ಚನ್ನೇಶ ಮುಂದಿನ ಸೀಟಿನ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಷ್ಟು ವರ್ಷ ಎಷ್ಟೊಂದು ಮುಖಗಳಿಗೆ ತಟ್ಟೆ ಹಂಚಿದವನು ಇಂಥ ಒಂದು ಮುಖವನ್ನು ನೋಡಿರಲಿಲ್ಲ. ಗಡ್ಡ, ರಕ್ತ, ಸ್ಲೋ ಮೋಷನ್ ಯಾವುದೂ ಬೇಡವಾದ ಮುಖ. ಅಪ್ಪ ಜೀವಮಾನವೆಲ್ಲ ಡೇರೆಯ ಕೊನೆಯ ಸಾಲಿಗೆ ಕೂಗಿ, ಕೊನೆಗೆ ಒಂದೇ ಒಂದು ಸಲ ಮೌನವಾಗಿ ನಟಿಸಿದ್ದರು.

ಆಮೇಲೆ ನೀರಗಂಟಿ ಬಾಯಿ ತೆಗೆದ.

ಅದು ಅಪ್ಪನ ದನಿಯಲ್ಲ. ದಪ್ಪನೆಯ, ಎಣ್ಣೆ ಹಚ್ಚಿದಂಥ, ಬೆಂಗಳೂರಿನ ಯಾವುದೋ ಸ್ಟುಡಿಯೋದಲ್ಲಿ ನಿಂತು ಯಾರೋ ಹಳ್ಳಿಯವನ ಹಾಗೆ ಅಬ್ಬರಿಸಿದ ದನಿ. ಮುಖ ಅಳುತ್ತಿದ್ದರೆ ದನಿ ಭಾಷಣ ಮಾಡುತ್ತಿತ್ತು. ಪ್ರಭುದೇವ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಕಿವಿ ತೂತಾಗುವ ಹಾಗೇ ಇತ್ತು. ಚನ್ನೇಶ ಕತ್ತಲಲ್ಲಿ ಕೂತು ಗೊಳೋ ಎಂದು ಅತ್ತ. ಸಿನಿಮಾ ಮುಗಿದು ಹೆಸರುಗಳು ಬಂದವು. ‘ನೀರಗಂಟಿ: ಮಹಾದೇವಯ್ಯ, ಗುಬ್ಬಿ’. ಬಹಳ ಕೆಳಗೆ, ಸಣ್ಣ ಅಕ್ಷರದಲ್ಲಿ, ಕಂಠದಾನ ಎಂದು ಬೇರೆ ಯಾರದೋ ಹೆಸರು. ಉಳಿದವರು ಎದ್ದು ಹೋಗಿದ್ದರು. ಅವನು ಕೊನೆಯ ಹೆಸರು ಮಾಯವಾಗಿ ಪರದೆ ಬೆಳ್ಳಗಾಗಿ, ಲಕ್ಷ್ಮೀನರಸಿಂಹಯ್ಯ ಬಂದು ಎಬ್ಬಿಸುವವರೆಗೆ ಕೂತಿದ್ದ.

ಅಲ್ಲಿಂದ ನೇರ ಗುಬ್ಬಿಗೆ ಹೊರಟ. ಒಳದಾರಿ ಹಿಡಿದು ಕಡಬದ ಏರಿಯ ಮೇಲೆ ಬೈಕ್ ನಿಲ್ಲಿಸಿದ. ಕೆರೆಯಲ್ಲಿ ಈಗ ನೀರಿತ್ತು, ಅಪ್ಪ ಟವಲ್ ಹರವಿದ ಕಲ್ಲು ಮುಳುಗಿತ್ತು. ಅಪ್ಪ ಸಿನಿಮಾ ನೋಡಿಲ್ಲ. ಆ ದನಿ ತನ್ನದೇ ಅಂದುಕೊಂಡು ಮಲಗಿದ್ದಾರೆ. ಮಗ ಅದನ್ನು ಕಿತ್ತು ಬಿಸಾಕಿ ಅಂದ ಎಂದು ನೊಂದಿದ್ದಾರೆ. ದನಿ ನಿನ್ನದಲ್ಲ ಅಪ್ಪ ಎಂದರೆ ನೋವೇನೋ ಹೋಗುತ್ತದೆ, ಆದರೆ ಭೂಮಿಯ ಮೇಲೆ ಉಳಿದಿದ್ದ ಕೊನೆಯ ದನಿಯೂ ಹೋಗುತ್ತದೆ. ಅದು ಬೇಡ. ಅಪ್ಪ ತನ್ನ ದನಿ ಉಳಿದಿದೆ ಅಂದುಕೊಂಡೇ ಹೋಗಲಿ. ಜೀವನದಲ್ಲಿ ಮೊದಲನೇ ಸಲ ಬೇಕೆಂದೇ ಒಂದು ಸುಳ್ಳು ವಿಮರ್ಶೆ ಹೇಳಲು ಅವನು ಗಟ್ಟಿ ಮನಸ್ಸು ಮಾಡಿದ. ಅದರಲ್ಲಿ ಅವನಿಗೆ ಸ್ವಲ್ಪ ಸಂತೋಷವೂ ಇತ್ತು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಮ್ಮ ಶಿವರುದ್ರಮ್ಮ ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತಿದ್ದಳು. ಕಡ್ಡಿಯಂತಾಗಿದ್ದ ಮಹಾದೇವಯ್ಯ ದಿಂಬಿಗೆ ಒರಗಿದ್ದರು. ಹಣೆಯ ಮೇಲೆ ವಿಭೂತಿ ಇತ್ತು, ಎದೆಯ ಮೇಲೆ ಲಿಂಗದ ಕರಡಿಗೆ. ಮಗನನ್ನು ಕಂಡು ಕಣ್ಣು ಅರಳಿತು. ದನಿ ಹೋದ ಮೇಲೆ ಅವರು ಮನೆಯಲ್ಲಿ ಎಲ್ಲದಕ್ಕೂ ಬೆರಳಲ್ಲೇ ತಟ್ಟೆ ಕೊಡುತ್ತಿದ್ದರು. ಅಮ್ಮನ ಗಂಜಿಗೆ ಎರಡು, ಬ್ಯಾಂಡೇಜ್ ಬದಲಿಸಲು ಬರುವ ನರ್ಸಮ್ಮನಿಗೆ ನಾಲ್ಕು, ಸಂಜೆಯ ಸೀರಿಯಲ್ಲಿಗೆ ತೋರುಬೆರಳನ್ನು ಅರ್ಧಕ್ಕೆ ಮಡಿಸಿ ತೋರಿಸುವುದು. ಮಗನ ಆಟವೇ ಅವರಿಗೂ ಆಟವಾಗಿತ್ತು. ಈಗ ಐದು ಬೆರಳನ್ನೂ ಬಿಡಿಸಿ, ಪ್ರಶ್ನೆಯ ಹಾಗೆ ಹುಬ್ಬು ಹಾರಿಸಿದರು.

“ಎಷ್ಟು ತಟ್ಟೆ ಅಂತ ಕೇಳ್ತವ್ರೆ” ಎಂದಳು ಶಿವರುದ್ರಮ್ಮ. ಗಂಡನ ತುಟಿಯ ಮಾತು ಈಗ ಅವಳಿಗೊಬ್ಬಳಿಗೇ ತಿಳಿಯುತ್ತಿದ್ದುದು. “ಶುಕ್ರವಾರದಿಂದ ಕಾಯ್ತಾ ಅವ್ರೆ ಕಣೋ ನಿಂಗೋಸ್ಕರ.”

ಚನ್ನೇಶ ಮಂಚದ ತುದಿಯಲ್ಲಿ ಕೂತು ಅಪ್ಪನ ಕೈ ಹಿಡಿದುಕೊಂಡ.

“ಐದು ತಟ್ಟೆ ಅಪ್ಪ. ಇವತ್ತು ಕುಣಿಗಲ್ಲಿಗೆ ಹೋಗಿ ಇನ್ನೊಂದ್ ಸಲ ನೋಡ್ಕೊಂಡ್ ಬಂದೆ. ಶುಕ್ರವಾರ ಏನೋ ತಲೆ ಕೆಟ್ಟು ಬಾಯಿಗ್ ಬಂದಂಗೆ ಅಂದ್ಬುಟ್ಟೆ, ನೀನ್ ಅದನ್ನ ಮನಸ್ಸಿಗೆ ಹಾಕ್ಕೋಬೇಡ.” ಅಪ್ಪನ ಕಣ್ಣು ಹೊಳೆಯುತ್ತಿರುವುದನ್ನು ಕಂಡು ಅವನಿಗೆ ಧೈರ್ಯ ಬಂತು. “ಆ ದನಿ ಇದೆಯಲ್ಲಪ್ಪ, ಅಬ್ಬಾ. ಅದೇ ನಿನ್ ಕಂಪನಿ ದನಿ. ನಾನು ಚಿಕ್ಕೋನಿದ್ದಾಗ ಕೇಳಿದ್ನಲ್ಲ, ಅದೇ. ಥಿಯೇಟರ್ ತುಂಬ್ಕೊಂಡ್ಬುಡ್ತು. ಕಣ್ಮುಚ್ಕೊಂಡು ಕೇಳ್ದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು.”

ಅಪ್ಪನ ಕೈ ಅವನ ಕೈಯೊಳಗೆ ಸಡಿಲವಾಯಿತು. ಶಿವರುದ್ರಮ್ಮ ಗಂಜಿಯ ಬಟ್ಟಲನ್ನು ಕೆಳಗಿಟ್ಟಳು.

“ಅದು ಇವರ ದನಿ ಅಲ್ವಲ್ಲೋ ಚನ್ನ” ಎಂದಳು.

ಚನ್ನೇಶ ಅಮ್ಮನ ಮುಖ ನೋಡಿದ.

“ಶೂಟಿಂಗಲ್ಲೇ ಇವರ ದನಿ ಒಡೆದೋಗಿತ್ತು. ಆ ಹುಡುಗ ಅಂಜನಮೂರ್ತಿ ಮನೇಗ್ ಬಂದು, ಬೇರೆಯೋರ ಕೈಲಿ ಮಾತಾಡ್ಸಿದೀನಿ, ತಪ್ಪಾಯ್ತು ಅಂತ ಇವರ ಕಾಲ್ ಹಿಡ್ಕೊಂಡು ಹೋದ. ಪಲ್ಲವಿಗೆ ಹೇಳ್ಬೇಡ, ಅಳ್ತಾಳೆ ಅಂದಿದ್ರು ಇವ್ರು.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕೇಳುವುದು ಸುಲಭವಿರುತ್ತಿತ್ತು. “ಶುಕ್ರವಾರ ನಿನ್ನ ವಿಡಿಯೋ ನೋಡಿ ಎಷ್ಟು ಹಿಗ್ಗಿದ್ರು ಗೊತ್ತೇನೋ. ಆ ದನಿ ಕಿತ್ತು ಬಿಸಾಕಿ ಅಂದೆಯಲ್ಲ, ನೋಡೇ, ನನ್ ಮಗ ಕಂಡುಹಿಡಿದುಬಿಟ್ಟ, ಅದು ನಂದಲ್ಲ ಅಂತ ಅವನ ಕಿವಿಗೆ ಗೊತ್ತಾಗೋಯ್ತು ಅಂತ ನಕ್ಕಿದ್ದೇ ನಕ್ಕಿದ್ದು. ದನಿ ಬುಡು, ಪಾರ್ಟು ಹೆಂಗ್ ಮಾಡಿದೀನಿ ಅಂತ ಬಂದು ನನ್ ಮುಂದೇನೇ ಹೇಳ್ತಾನೆ, ಜನದ ಮುಂದೆ ಹೇಳಲ್ಲ ಅಂತ ಎರಡು ದಿನದಿಂದ ಬಾಗಿಲು ನೋಡ್ತಾ ಅವ್ರೆ.”

ಮಹಾದೇವಯ್ಯ ಹೆಂಡತಿಯ ಕಡೆ ತಿರುಗಿ ತುಟಿ ಆಡಿಸಿದರು. ಅವಳು ಅದನ್ನು ಹೇಳಲು ಹಿಂದೆ ಮುಂದೆ ನೋಡಿದಳು. ಅವರು ಅವಳ ಕೈ ತಟ್ಟಿ ಹೇಳು ಎಂದು ಸನ್ನೆ ಮಾಡಿದರು.

“ಮಂಗಳ ಆಗೋವರ್ಗೂ ಕೂತಿದ್ದಾ, ಕೇಳು ಅಂತವ್ರೆ.”

“ಕೂತಿದ್ದೆ ಅಪ್ಪ!” ಅವನು ಮಂಚದಿಂದ ಇಳಿದು ನೆಲದ ಮೇಲೆ ಮಂಡಿಯೂರಿದ. “ಶುಕ್ರವಾರ ಕೂತಿರ್ಲಿಲ್ಲ. ಇಂಟರ್ವಲ್ಲಿಗೇ ಎದ್ ಬಂದೆ. ಮಿಕ್ಕಿದ್ದು ಬೆಂಗಳೂರೋನೊಬ್ಬ ಹೇಳಿದ್ದು, ಅದನ್ನೇ ಅಂದೆ. ಆದ್ರೆ ಇವತ್ತು ಕೂತಿದ್ದೆ. ದೇವರಾಣೆ ಕೂತಿದ್ದೆ. ದನಿ ನಿಂದಲ್ಲ ಅಂತ ನಂಗೆ ಗೊತ್ತಾಯ್ತು, ನೀನ್ ನೊಂದ್ಕೋತೀಯ ಅಂತ ಸುಳ್ ಹೇಳ್ದೆ. ನೀನು ಏರಿ ಮೇಲೆ ನಡ್ಕೊಂಡ್ ಬತ್ತೀಯ, ಒದ್ದೆ ಟವಲ್ ಹಿಂಡಿ ಕಲ್ಲಿನ್ ಮೇಲೆ ಹಾಕ್ತೀಯ. ಆಮೇಲೆ ತೂಬಿಗೆ ಕಿವಿ ಕೊಡ್ತೀಯಲ್ಲಪ್ಪ, ನೀರಿಲ್ಲ ಅಂತ ಗೊತ್ತಾಗೋವಾಗ ನಿನ್ ಕುತ್ತಿಗೆ ಇಷ್ಟೇ ಇಷ್ಟು ಬಗ್ಗುತ್ತೆ. ಅಂಥದ್ದನ್ನ ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ. ಎಲ್ಲೂ ನೋಡಿಲ್ಲ ಅಪ್ಪ.”

ಒಂದೇ ಉಸಿರಿಗೆ ಹೇಳಿದ. ಅವನ ಬಾಯಿಂದ ಇಷ್ಟು ನಿಜವಾದ ವಿಮರ್ಶೆ ಯಾವತ್ತೂ ಬಂದಿರಲಿಲ್ಲ. ಮಹಾದೇವಯ್ಯ ಪೂರ್ತಿ ಕೇಳಿಸಿಕೊಂಡರು. ಅವರು ಯಾವ ನಾಟಕದಲ್ಲೂ ಮಧ್ಯದಲ್ಲಿ ಎದ್ದು ಹೋದವರಲ್ಲ. ಶಿವರುದ್ರಮ್ಮ ಸೆರಗಿನಿಂದ ಮಗನ ಮುಖ ಒರೆಸಿದಳು, ಚಿಕ್ಕಂದಿನಲ್ಲಿ ಬಿದ್ದು ಬಂದಾಗ ಒರೆಸುತ್ತಿದ್ದ ಹಾಗೆ.

“ಇದನ್ನ ಯಾರ್ ಹೇಳಿದ್ರೋ ನಿಂಗೆ?” ಎಂದು ಮೆಲ್ಲಗೆ ಕೇಳಿದಳು. “ಅದೂ ಬೆಂಗಳೂರೋನೇ ಹೇಳಿದ್ನಾ?”

ಚನ್ನೇಶ ಜೇಬು ತಡಕಿದ. ಟಿಕೆಟ್ಟಿನ ಚೂರು ಸಿಕ್ಕೀತೇ ಎಂದು ಅಂಗಿ, ಪ್ಯಾಂಟು, ಪರ್ಸು ಎಲ್ಲ ನೋಡಿದ. ಟಿಕೆಟ್ಟನ್ನು ಯಾರೂ ಕೊಟ್ಟಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ತಲೆಯೆತ್ತಿದಾಗ ಅಪ್ಪ ಅವನನ್ನೇ ನೋಡುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ. ಅವರು ತೋರುಬೆರಳನ್ನು ನಿಧಾನವಾಗಿ ಎತ್ತಿ ಅರ್ಧಕ್ಕೆ ಮಡಿಸಿ ತೋರಿಸಿದರು. ಆಮೇಲೆ ಗೋಡೆಯ ಕಡೆ ಮಗ್ಗುಲಾದರು.

ಮರುದಿನ ಅವರಿಗೆ ಎಚ್ಚರ ತಪ್ಪಿತು. ಚನ್ನೇಶ ಅಂಗಡಿ ಮುಚ್ಚಿ ಮಂಚದ ಪಕ್ಕವೇ ಕೂತ. ಕುಣಿಗಲ್ಲಿಗೆ ಫೋನ್ ಮಾಡಿ ಲಕ್ಷ್ಮೀನರಸಿಂಹಯ್ಯನವರನ್ನು ಹುಡುಕಿಸಿ, ಅವರ ಬಾಯಿಂದಲೇ ಅಮ್ಮನಿಗೆ ಹೇಳಿಸಿದ. ಹೌದಮ್ಮ, ನಿಮ್ಮ ಮಗ ಕೊನೇ ತನಕ ಕೂತಿದ್ದ, ನಾನೇ ಎಬ್ಬಿಸಿ ಕಳಿಸಿದೆ ಅಂದರು ಅವರು. ಶಿವರುದ್ರಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿ ಅದನ್ನು ಮತ್ತೆ ಮತ್ತೆ ಹೇಳಿದಳು. ಕೇಳಿಸಿತೋ ಇಲ್ಲವೋ, ಬೆರಳು ಅಲ್ಲಾಡಲಿಲ್ಲ. ಆ ವಾರ ಕಳೆಯುವುದರೊಳಗೆ ಅವರು ಹೋದರು.

ಊರಾಚೆಯ ಹೊಲದಲ್ಲಿ ಗುಂಡಿ ತೆಗೆದು, ಮಹಾದೇವಯ್ಯನವರನ್ನು ಪದ್ಮಾಸನದಲ್ಲಿ ಕೂರಿಸಿ, ವಿಭೂತಿ ಬಿಲ್ವಪತ್ರೆ ತುಂಬಿದರು. ಅವರ ಹತ್ತಿರ ನಾಟಕ ಕಲಿತ ಹಳ್ಳಿಗಳ ಮುದುಕರೆಲ್ಲ ಬಂದಿದ್ದರು. ಅಂಜನಮೂರ್ತಿಯೂ ಬಂದಿದ್ದ, ದೂರದಲ್ಲಿ ನಿಂತಿದ್ದ. ಮಣ್ಣು ಮುಚ್ಚಿದ ಮೇಲೆ ಶಿಷ್ಯರು ಹಾರ್ಮೋನಿಯಂ ಇಲ್ಲದೆಯೇ ಒಡಕು ದನಿಯಲ್ಲಿ ಮಂಗಳ ಶುರು ಮಾಡಿದರು. ಬಿಸಿಲು ಚುರುಗುಟ್ಟುತ್ತಿತ್ತು. ನೆಂಟರು ಒಬ್ಬೊಬ್ಬರಾಗಿ ನೆರಳಿನ ಕಡೆ ಸರಿದರು. ಬಾರೋ ಎಂದು ಪಲ್ಲವಿ ತಮ್ಮನ ಕೈ ಹಿಡಿದಳು, ಅವನು ಬಿಡಿಸಿಕೊಂಡ. ಮಂಗಳ ಮುಗಿದು ಹಾಡುತ್ತಿದ್ದವರೂ ಹೊರಟುಹೋಗುವವರೆಗೆ ಚನ್ನೇಶ ಅಲ್ಲೇ ನಿಂತಿದ್ದ. ಅದನ್ನು ನೋಡಬೇಕಾಗಿದ್ದವರು ನೋಡಲಿಲ್ಲ.